ಕೈಕೊಟ್ಟ ಗಳಿಗೆಯಲ್ಲೇ ಅಳೆಯಬೇಕು: ಒಮ್ಮೊಮ್ಮೆ ಸ್ಟಾರ್ಟ್ ಆಗದ ಕಾರು

"ಅಣ್ಣ, ನಿನ್ನೆ ಚಾಮುಂಡಿ ಬೆಟ್ಟದ ಮೇಲೆ ಸೆಲ್ಫೇ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಎತ್ತಿಕೊಂಡಿತು. ಇವತ್ತು ಬೆಳಿಗ್ಗೆಯಿಂದ ಏನೂ ತೊಂದರೆ ಇಲ್ಲ."

ಮಂಡ್ಯದ ನಮ್ಮ ಶೆಡ್ಡಿಗೆ ಬರುವ ಕೆಲಸಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಈ ಜಾತಿಯದು. ಪೂರ್ತಿ ನಿಂತುಹೋದ ಕಾರಿನ ದೋಷ ಅಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಒಮ್ಮೊಮ್ಮೆ ಕೈಕೊಡುವ ಕಾರು ಶೆಡ್ಡಿನಲ್ಲಿ ನಿಂತಾಗ ಎಲ್ಲ ಅಳತೆಯನ್ನೂ ಸರಿಯಾಗಿಯೇ ತೋರಿಸುತ್ತದೆ. ಹಾಗಾಗಿ ನಾನು ಬಿಗಿಯಾಗಿ ಹಿಡಿದಿರುವ ಕ್ರಮ ಒಂದೇ: ಕೈಕೊಟ್ಟ ಗಳಿಗೆಯಲ್ಲಿ ಮೀಟರ್ ನೋಡುವ ತನಕ ಯಾವ ಪಾರ್ಟೂ ಬದಲಿಸುವುದಿಲ್ಲ, ಯಾವ ಟರ್ಮಿನಲ್ಲನ್ನೂ ಬಿಚ್ಚಿ ಹಾಕುವುದಿಲ್ಲ. ಬಿಚ್ಚಿ ಹಾಕಿದರೆ ಉಜ್ಜಿಕೊಂಡ ಜಾಗದಲ್ಲಿ ಕಾಂಟ್ಯಾಕ್ಟ್ ತಾತ್ಕಾಲಿಕವಾಗಿ ಕೂತುಬಿಡುತ್ತದೆ. ಎರಡು ವಾರ ಕಾರು ಚೆನ್ನಾಗಿ ಓಡುತ್ತದೆ, ಆಮೇಲೆ ರಾತ್ರಿ ಹೊತ್ತು ರೋಡಿನಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಓನರ್ ಹೊಸ ಬ್ಯಾಟರಿಗೂ ಹೊಸ ಸೆಲ್ಫ್ ಮೋಟಾರಿಗೂ ದುಡ್ಡು ಸುರಿದಿರುತ್ತಾರೆ.

ಮೊದಲು ಓನರನ್ನು ಕೂರಿಸಿಕೊಂಡು ಕೇಳುತ್ತೇನೆ. ಎಂಜಿನ್ ಬಿಸಿ ಇತ್ತೇ, ತಣ್ಣಗಿತ್ತೇ? ಆಫ್ ಮಾಡಿ ಎಷ್ಟು ನಿಮಿಷವಾಗಿತ್ತು? ಕೀ ತಿರುಗಿಸಿದಾಗ ಒಂದೇ ಸಲ 'ಟಕ್' ಅಂದಿತೇ, 'ಟಕ ಟಕ ಟಕ' ಅಂದಿತೇ, ಸದ್ದೇ ಇರಲಿಲ್ಲವೇ? ಡ್ಯಾಶ್ ಲೈಟು ಮಂಕಾಯಿತೇ? ಕೊನೆಗೆ ಏನು ಮಾಡಿದಾಗ ಸ್ಟಾರ್ಟ್ ಆಯಿತು? ನೆನಪಿಲ್ಲದಿದ್ದರೆ ಮುಂದಿನ ಸಲ ಫೋನಿನಲ್ಲಿ ವಿಡಿಯೋ ಮಾಡಿ ಅನ್ನುತ್ತೇನೆ. ಹತ್ತು ಸೆಕೆಂಡಿನ ಆ ಸದ್ದು ಅರ್ಧ ಕೆಲಸ ಮುಗಿಸುತ್ತದೆ.

'ಸ್ಟಾರ್ಟ್ ಆಗಲ್ಲ' ಅನ್ನುವುದು ಎರಡು ಬೇರೆ ಬೇರೆ ರೋಗ. ಸೆಲ್ಫ್ ಚೆನ್ನಾಗಿ ತಿರುಗಿಸುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ ಎಂದಾದರೆ ಬ್ಯಾಟರಿ, ಸೆಲ್ಫ್ ಕಡೆ ನೋಡುವ ಅಗತ್ಯವೇ ಇಲ್ಲ. ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಫ್ಯುಯೆಲ್ ಪಂಪಿನ ಗುಂಯ್ ಸದ್ದು ಬರಬೇಕು. ಬಾರದಿದ್ದರೆ ಪಂಪ್ ರಿಲೇ, ಫ್ಯೂಸ್, ಪಂಪಿನ ಸಾಕೆಟ್. ಇಮ್ಮೊಬಿಲೈಜರ್ (ಬೇರೆ ಕೀ ಹಾಕಿದರೆ ಎಂಜಿನ್ ಹಿಡಿಯದಂತೆ ತಡೆಯುವ ಕಾವಲು) ಲೈಟು ಮಿಣುಕುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡುವುದು. ಬಿಸಿಯಲ್ಲಿ ಮಾತ್ರ ಹೀಗಾದರೆ ನನ್ನ ಮೊದಲ ಅನುಮಾನ, ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡುತ್ತೇನೆ. 200ರ ಆಸುಪಾಸು ಬರಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರು. ಕೀ ಆಫ್ ಮಾಡಿ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಸುತ್ತಿ ತಣ್ಣಗಾಗಿಸಿದ ಮೇಲೆ ಆರ್‌ಪಿಎಂ ಬಂತೆಂದರೆ ಅನುಮಾನ ಸೆನ್ಸರ್ ಮೇಲೇ ಗಟ್ಟಿಯಾಯಿತು. ಗದ್ದೆ ಪಕ್ಕದ ಮನೆಗಳ ಕಾರಾದರೆ ಇಲಿ ಕಡಿದ ವೈರನ್ನೂ ಹುಡುಕಬೇಕು. ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಮೇಲ್ಗಡೆ ಚೆನ್ನಾಗಿ ಕಂಡು, ಅಡಿಯಲ್ಲಿ ಕಡಿದಿರುತ್ತದೆ.

ಸೆಲ್ಫೇ ಎತ್ತದ ಕಾರಿನ ವಿಷಯ ಬೇರೆ, ಜನ ಹೆಚ್ಚು ಮೋಸಹೋಗುವುದೂ ಇಲ್ಲೇ. ಬ್ಯಾಟರಿಯನ್ನು ಅಳೆಯುವಾಗ ಮೀಟರಿನ ಕಡ್ಡಿ ಸೀಸದ ಗುಬಟಿನ ಮೇಲೇ ಇರಬೇಕು, ಕ್ಲಾಂಪಿನ ಮೇಲಲ್ಲ. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಇಷ್ಟು ಸರಿ ಇದ್ದರೆ ಬ್ಯಾಟರಿ ತಪ್ಪಿತಸ್ಥ ಅಲ್ಲ.

ಮುಂದಿನ ಕೆಲಸ, ಕೈಕೊಟ್ಟ ಗಳಿಗೆಯಲ್ಲಿ ದೋಷ ಹಿಡಿಯಲು ಬಲೆ ಹಾಕುವುದು. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಹೋಲ್ಡರ್, ಐದಾರು ಅಡಿ ವೈರು, 5 ಆಂಪಿಯರ್ ಫ್ಯೂಸ್. ಕಾರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದಿಟ್ಟು, ಸೆಲ್ಫಿನ ಸೊಲೆನಾಯ್ಡಿಗೆ (ಸೆಲ್ಫಿಗೆ ದೊಡ್ಡ ಕರೆಂಟು ಬಿಡುವ ಅಯಸ್ಕಾಂತದ ಸ್ವಿಚ್ಚಿಗೆ) ಬರುವ ಸಣ್ಣ ವೈರಿನ ಸಾಕೆಟ್ಟಿಗೆ ಹಿಂದಿನಿಂದ ಪಿನ್ ಚುಚ್ಚಿ ಒಂದು ತುದಿ ಸೇರಿಸುತ್ತೇನೆ. ಸಾಕೆಟ್ ಎಳೆಯುವುದಿಲ್ಲ. ಫ್ಯೂಸ್ ಆ ತುದಿಯಲ್ಲೇ ಇರಬೇಕು, ಬಾನೆಟ್ ಸಂದಿಯಲ್ಲಿ ವೈರು ಸಿಕ್ಕಿಹಾಕಿಕೊಂಡರೂ ಅನಾಹುತ ಆಗಬಾರದು. ವೈರನ್ನು ಬೆಲ್ಟಿನಿಂದ ದೂರ ಕಟ್ಟಿ ಬಲ್ಬನ್ನು ಡ್ಯಾಶ್ ಮೇಲೆ ತಂದು, ಇನ್ನೊಂದು ವೈರನ್ನು ಕಾರಿನ ಬಾಡಿಯ ಲೋಹಕ್ಕೆ ಅರ್ಥ್ ಮಾಡುತ್ತೇನೆ. ಅರ್ಥ್ ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವಿಗೆ ವಾಪಸು ಹೋಗುವ ದಾರಿ. ಬರೀ ಮೀಟರ್ ಸಾಲದು. ಕರೆಂಟು ಎಳೆಯುವುದು ಬೇರೇನೂ ಇಲ್ಲದಾಗ, ಹತ್ತು ಎಳೆಯ ವೈರಿನಲ್ಲಿ ಒಂಬತ್ತು ತುಂಡಾಗಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಅದು ಕರೆಂಟನ್ನೇ ಎಳೆಯುವುದಿಲ್ಲವಲ್ಲ. ಸೊಲೆನಾಯ್ಡಿನ ಜೊತೆಗೆ ಬಲ್ಬು ಇನ್ನೂ 1.75 ಆಂಪಿಯರ್ ಎಳೆಯುತ್ತದೆ, ಅದರ ಬೆಳಕಿನಲ್ಲಿ ಸುಳ್ಳಿಲ್ಲ.

ಕೈಕೊಟ್ಟಾಗ ಬಲ್ಬು ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ದೋಷ ಸೊಲೆನಾಯ್ಡಿಗೆ ಕರೆಂಟು ತರುವ ದಾರಿಯದು: ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲ್ ಸ್ವಿಚ್, ಆಟೋಮ್ಯಾಟಿಕ್ ಆದರೆ ನ್ಯೂಟ್ರಲ್ ಸ್ವಿಚ್. ಪ್ರಖರವಾಗಿ ಉರಿದೂ ಸೆಲ್ಫ್ ತಿರುಗದಿದ್ದರೆ ದೋಷ ಸೆಲ್ಫಿನದು, ಇಲ್ಲವೇ ಅದರ ದಪ್ಪ ಕೇಬಲ್ಲುಗಳದು. ಆಗ ಸೆಲ್ಫಿನ ಮೈಗೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಹೆಚ್ಚಾಗಿ ಕಾರ್ಬನ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟು ಕೊಡುವ ಬ್ರಷ್) ಸವೆದಿರುತ್ತದೆ. ಹಾಗಿದ್ದರೆ ಕಾರ್ಬನ್ ಬದಲಾಯಿಸಿದರೆ ಸಾಕು, ಇಡೀ ಮೋಟಾರ್ ಬೇಡ.

ಬಿಸಿಯಲ್ಲೇ ಯಾಕೆ ಕೈಕೊಡುತ್ತದೆ? ಎಂಜಿನ್ ಆಫ್ ಆದಮೇಲೆ ಗಾಳಿಯಿಲ್ಲ, ನೀರು ಸುತ್ತುವುದಿಲ್ಲ, ಹತ್ತು ಹದಿನೈದು ನಿಮಿಷ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಹೆಚ್ಚುತ್ತದೆ. ಸೊಲೆನಾಯ್ಡ್ ಕಾಯಿಲ್ 80 ಡಿಗ್ರಿ ಹೆಚ್ಚು ಬಿಸಿಯಾದರೆ ಶೇ. 30ರಷ್ಟು ರೆಸಿಸ್ಟೆನ್ಸ್ ಏರಿ, ಎಳೆಯುವ ಶಕ್ತಿ ಕುಗ್ಗುತ್ತದೆ. ತಣ್ಣಗಿರುವಾಗ ಹೇಗೋ ನಡೆದುಹೋಗುತ್ತಿದ್ದ ಅರ್ಧಂಬರ್ಧ ಕಾಂಟ್ಯಾಕ್ಟ್ ಆಗ ಸಾಲುವುದಿಲ್ಲ.

ಬೆಟ್ಟದ ಮೇಲೆ ನಿಂತಿದ್ದ ಆ ಪೆಟ್ರೋಲ್ ಹ್ಯಾಚ್‌ಬ್ಯಾಕಿನಲ್ಲಿ ಆದದ್ದು ಇದೇ. ಮೊದಲ ದಿನ ತಣ್ಣಗಿದ್ದಾಗಲೇ ಮೀಟರಿನ ಒಂದು ಕಡ್ಡಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಗುಬಟಿಗೆ ಇಟ್ಟು ಸೆಲ್ಫ್ ಹೊಡೆಸಿದೆ: 0.4 ವೋಲ್ಟ್. ಅರ್ಥ್ ಕಡೆ 0.2ಕ್ಕಿಂತ ಹೆಚ್ಚು ಬರಬಾರದು, ಪಾಸಿಟಿವ್ ಕಡೆ 0.5. ಸುಳಿವು ಸಿಕ್ಕಿತು, ಆದರೂ ಬಿಚ್ಚಲಿಲ್ಲ. ಮೈಸೂರಿಗೆ ಓಡಿಸಿ, ಬೆಟ್ಟ ಹತ್ತಿಸಿ, ಪಾರ್ಕಿಂಗಿನಲ್ಲಿ ಆಫ್ ಮಾಡಿ ಹದಿನೈದು ನಿಮಿಷ ಕಾದೆ. ಕೀ ತಿರುಗಿಸಿದರೆ ಒಂದೇ ಸಲ 'ಟಕ್'. ಬಲ್ಬು ಪ್ರಖರ. ಬ್ಯಾಟರಿಯಲ್ಲಿ 11.8. ಅಂದರೆ ಬ್ಯಾಟರಿಯಿಂದ ಹೋಗಬೇಕಾದಷ್ಟು ಕರೆಂಟು ಹೋಗುತ್ತಲೇ ಇಲ್ಲ. ಬ್ಲಾಕಿಗೂ ನೆಗೆಟಿವಿಗೂ ನಡುವೆ 8 ವೋಲ್ಟ್! ಸೆಲ್ಫಿಗೆ ಸಿಗಬೇಕಾದ್ದೆಲ್ಲ ಅರ್ಥಿನಲ್ಲೇ ಸೋರಿಹೋಗುತ್ತಿತ್ತು. ಜಂಪರ್ ಕೇಬಲ್ಲಿನ ಕಪ್ಪು ವೈರನ್ನು ನೆಗೆಟಿವಿನಿಂದ ನೇರ ಬ್ಲಾಕಿಗೆ ಕಚ್ಚಿಸಿದೆ, ಅರ್ಧ ಸುತ್ತಿಗೇ ಎಂಜಿನ್ ಹಿಡಿಯಿತು.

ಶೆಡ್ಡಿಗೆ ತಂದು ಗೇರ್‌ಬಾಕ್ಸಿನ ಮೇಲಿದ್ದ ಅರ್ಥ್ ಕೇಬಲ್ಲಿನ ಲಗ್ (ತುದಿಯ ಲೋಹದ ಬಳೆ) ಬಿಚ್ಚಿದೆ. ಬೋಲ್ಟ್ ಬಿಗಿಯಾಗಿತ್ತು, ಲಗ್ ಹೊರಗಡೆ ಹೊಳೆಯುತ್ತಿತ್ತು. ರಬ್ಬರ್ ತೋಳು ಸೀಳಿದರೆ ಒಳಗೆ ಹಸಿರು ಪುಡಿ, ಬೆರಳಲ್ಲಿ ಬಾಗಿಸಿದರೆ ಎಳೆಗಳು ಒಣ ಹುಲ್ಲಿನ ಹಾಗೆ ಮುರಿದವು. ಲಗ್ಗಿಗೆ ಕೇಬಲ್ ಒತ್ತಿ ಕೂರಿಸಿದ ಕ್ರಿಂಪ್ ಒಳಗೆ ನೀರು ಇಳಿದು ತಾಮ್ರ ತಿಂದುಹೋಗಿತ್ತು. ಆ ಕಾರಿನ ಕ್ಲಚ್ ಕೇಬಲ್ಲಿನ ಹೊರಕವಚವೂ ಒಂದು ಕಡೆ ಕರಗಿತ್ತು. ದಾರಿ ಸಿಗದ ಕರೆಂಟು ಕಾರಿನ ಬಾಡಿಯತ್ತ ಹೋಗಲು ಆ ಕೇಬಲ್ಲನ್ನೇ ಹಿಡಿದಿತ್ತು. ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಕರಗಿದ್ದು ಕಂಡರೆ ಎಂಜಿನ್ ಅರ್ಥ್ ನೋಡದೆ ಹೊಸ ಕೇಬಲ್ ಹಾಕಲೇಬೇಡಿ.

ಇಂಥ ದೋಷ ಮೀಟರಿನ ಓಮ್ (ರೆಸಿಸ್ಟೆನ್ಸ್ ಅಳೆಯುವ) ರೇಂಜಿನಲ್ಲಿ ಸಿಗುವುದಿಲ್ಲ. 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ನುಂಗಲು 0.01 ಓಮ್ ಸಾಕು, ಸಾಮಾನ್ಯ ಮೀಟರಿಗೆ ಅದೂ ಸೊನ್ನೆಯೂ ಒಂದೇ.

ಹೊಸ ಅರ್ಥ್ ಹಾಕಿದೆ: 25 ಚದರ ಮಿ.ಮೀ. ತಾಮ್ರದ ಕೇಬಲ್, ಒತ್ತುವ ಮೆಷಿನ್ನಿನಲ್ಲಿ ಲಗ್, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಬಿಗಿ ಮಾಡುವ ಮೊದಲಲ್ಲ. ಮತ್ತೆ ಬೆಟ್ಟ ಹತ್ತಿಸಿ, ಅಷ್ಟೇ ಹೊತ್ತು ನಿಲ್ಲಿಸಿ, ನಡುವೆ ಸೆಲ್ಫ್ ತಣಿಯಲು ಬಿಡುವು ಕೊಟ್ಟು ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿದೆ. ಬ್ಲಾಕಿನಿಂದ ನೆಗೆಟಿವಿಗೆ ಹತ್ತೂ ಸಲ 0.1 ವೋಲ್ಟಿನ ಆಸುಪಾಸು. ಬಲ್ಬನ್ನು ಆಮೇಲೆ ಬಿಚ್ಚಿದೆ.