ಅನುವಾದ ಮಾಡುವವರಿದ್ದರು, ನೋಡುವವನು ನಾನೊಬ್ಬನೇ

ಒಂದು ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ತಂತ್ರಾಂಶ) ಕನ್ನಡ ಅನುವಾದ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಾಗ ಸಾವಿರಾರು ಸ್ಟ್ರಿಂಗ್‌ಗಳು ಬಾಕಿ ಇದ್ದವು. ಸ್ಟ್ರಿಂಗ್ ಅಂದರೆ ಮೆನು, ಬಟನ್, ಎಚ್ಚರಿಕೆಗಳಲ್ಲಿ ಕಾಣುವ ಮಾತುಗಳು. ವಾಟ್ಸ್ಯಾಪ್ ಗ್ರೂಪ್ ಮಾಡಿ, ‘ಕೈಜೋಡಿಸಿ’ ಅಂತ ಹಾಕಿದೆ. ನವೆಂಬರ್ ತಿಂಗಳು ಬೇರೆ. ವಾರದಲ್ಲಿ 30 ಜನ ಸೇರಿದರು. ಡಿಸೆಂಬರ್‌ಗೆ ಉಳಿದವರು 6 ಜನ.

ಆ ಆರು ಜನರಲ್ಲೇ ಇಬ್ಬರು ಒಂದೇ ಭಾನುವಾರ ಕೂತು ಒಂದೇ ಪಿಒ ಫೈಲನ್ನು, ಅಂದರೆ ಇಂಗ್ಲಿಷ್ ಸ್ಟ್ರಿಂಗ್ ಮತ್ತು ಅದರ ಅನುವಾದ ಜೊತೆಜೊತೆಗೆ ಇರುವ ಫೈಲನ್ನು, ಪೂರ್ತಿ ಅನುವಾದಿಸಿದರು. ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು. ಯಾರದ್ದನ್ನು ಬಿಡಲಿ? ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಸುವ ಗ್ನೋಮ್ ಅನ್ನುವ ಮುಕ್ತ ತಂತ್ರಾಂಶದ ಅನುವಾದ ತಾಣದಲ್ಲಿ ಫೈಲನ್ನು ಮೊದಲೇ ನಮ್ಮ ಹೆಸರಿಗೆ ಕಾದಿರಿಸುವ ವ್ಯವಸ್ಥೆ ಇದೆ. ಅದನ್ನೇ ನಕಲು ಮಾಡಿ ಒಂದು ಶೀಟ್ ಮಾಡಿದೆ. ಒಮ್ಮೆಗೆ 50 ಸ್ಟ್ರಿಂಗ್‌ಗಳ ಒಂದು ಕಂತು ಮಾತ್ರ. ಎರಡು ವಾರದಲ್ಲಿ ಆಗದಿದ್ದರೆ ಅದು ತಾನಾಗೇ ಬೇರೆಯವರಿಗೆ. ಯಾಕೆ ಮಾಡಲಿಲ್ಲ ಅಂತ ಯಾರೂ ಕೇಳುವ ಹಾಗಿಲ್ಲ. ಸಂಬಳ ಕೊಡದವರು ಕಾರಣ ಕೇಳಬಾರದು, ಅಲ್ವಾ?

ಆಮೇಲೆ ಪದಗಳ ಜಗಳ. ‘ಉಳಿಸು’ ಅನ್ನಬೇಕೋ ‘ಉಳಿಸಿ’ ಅನ್ನಬೇಕೋ ಅಂತ ಮೂರು ದಿನ ಚರ್ಚೆ ನಡೆಯಿತು. ಬಳಸುವವರಿಗೆ ಏಕವಚನವಾ ಅಂತ ಒಬ್ಬರಿಗೆ ಸಿಟ್ಟು. ಕೊನೆಗೆ ಹೀಗೆ ಬಗೆಹರಿಸಿದೆವು: ಬಟನ್ ಒತ್ತುವಾಗ ನಾವು ಕಂಪ್ಯೂಟರ್‌ಗೆ ಹೇಳುತ್ತೇವೆ, ಅದಕ್ಕೆ ‘ಉಳಿಸು’. ಕಂಪ್ಯೂಟರ್ ನಮಗೆ ಹೇಳುವಾಗ ‘ಹೆಸರು ಬರೆಯಿರಿ’. ಯಂತ್ರಕ್ಕೆ ಯಾಕೆ ಬಹುವಚನ!

ಇನ್ನೊಂದು ಕಡೆ ಡಿಸ್ಕ್‌ನಲ್ಲಿ ‘20 ಜಿಬಿ ಖಾಲಿ’ ಅನ್ನಬೇಕಾದ ಕಡೆ ‘20 ಜಿಬಿ ಉಚಿತ’ ಅಂತ ಬಂದಿತ್ತು. ‘ಫ್ರೀ’ ಅನ್ನುವ ಒಂದೇ ಪದ ಕಣ್ಣಮುಂದಿದ್ದರೆ ಅನುವಾದಿಸುವವರು ತಾನೆ ಏನು ಮಾಡಬೇಕು? ಅಂದಿನಿಂದ ತಂತ್ರಾಂಶವನ್ನು ಕನ್ನಡದಲ್ಲೇ ತೆರೆದು ನೋಡಿ ಆಮೇಲೆ ಕಳಿಸಿ ಅಂದೆ. ವಿಭಕ್ತಿಯ ತೊಂದರೆಯೂ ಹಾಗೆ ನೋಡಿದಾಗಲೇ ಸಿಕ್ಕಿತು. ಸ್ಟ್ರಿಂಗ್‌ನ ನಡುವೆ ಫೈಲ್ ಹೆಸರು ಬಂದು ಕೂರುವ ಜಾಗ ಇರುತ್ತದೆ. ಅದಕ್ಕೆ ‘ಅನ್ನು’ ಅಂಟಿಸಿದರೆ ಯಾವ ಹೆಸರು ಬಂದರೂ ವಿಚಿತ್ರವಾಗಿ ಕಾಣುತ್ತದೆ. ‘ಎಂಬ ಕಡತವನ್ನು ಅಳಿಸಬೇಕೇ?’ ಅಂತ ಬರೆದರೆ ಯಾವ ಹೆಸರಿಗೂ ಹೊಂದುತ್ತದೆ. ಇಂಥವನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟೆವು. ಒಂದೇ ಪುಟ. ಜಾಸ್ತಿಯಾದರೆ ಯಾರೂ ಓದುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಜನ ಬಿಟ್ಟು ಹೋಗುತ್ತಲೇ ಇದ್ದರು. ಕಾರಣ ಗೊತ್ತಾಗಿದ್ದು ಹಾಸನದ ಕಡೆಯ ಒಬ್ಬ ವಿದ್ಯಾರ್ಥಿನಿಯಿಂದ. ಪರೀಕ್ಷೆ ಮುಗಿಸಿ ರಜೆಯಲ್ಲಿ ಕೂತು ಮೂರು ಕಂತು ಮುಗಿಸಿದ್ದಳು. ಆಫೀಸಿನ ಕೆಲಸದಲ್ಲಿ ಮುಳುಗಿದ್ದ ನಾನು ಅದನ್ನು ತೆರೆದು ನೋಡಿದ್ದು 40 ದಿನಗಳ ಮೇಲೆ. ತಡವಾಗಿದ್ದಕ್ಕೆ ಪರಿಹಾರ ಅನ್ನುವ ಹಾಗೆ, 27 ತಿದ್ದುಪಡಿಗಳ ಪಟ್ಟಿಯನ್ನೂ ಕಳಿಸಿದೆ. ‘ಸರಿ ಸರ್’ ಅಂತ ಉತ್ತರ ಬಂತು. ಅಷ್ಟೇ. ಮತ್ತೆ ಬರಲಿಲ್ಲ.

ಪಟ್ಟಿಯನ್ನು ಮತ್ತೆ ಓದಿದೆ. ಅರ್ಧಕ್ಕಿಂತ ಜಾಸ್ತಿ ತಪ್ಪೇ ಅಲ್ಲ, ನನ್ನ ಇಷ್ಟ ಅಷ್ಟೇ. ಶೀಟಿನಲ್ಲಿ ರಿವ್ಯೂಗೆ ಕಾದಿದ್ದ ಫೈಲ್‌ಗಳೆಲ್ಲ ನನ್ನ ಹೆಸರಿನ ಮುಂದೆಯೇ ಇದ್ದವು. ಕೆಲಸ ನಿಂತಿದ್ದೇ ನನ್ನಿಂದ. ನಾನು ಮಾತ್ರ ಜನ ಸಾಲದು ಅಂತ ಗೊಣಗುತ್ತಿದ್ದೆ.

ಇನ್ನಿಬ್ಬರಿಗೆ ರಿವ್ಯೂ ಮಾಡುವ ಅಧಿಕಾರ ಕೊಟ್ಟೆ. ಕೊಡುವಾಗ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಸಬರ ಮೊದಲ ಕಂತನ್ನು 3 ದಿನದೊಳಗೆ ನೋಡಲೇಬೇಕು. ಕಾಗುಣಿತವನ್ನು ನಾವೇ ಸುಮ್ನೆ ತಿದ್ದಿಬಿಡುತ್ತೇವೆ. ಅರ್ಥ ಕೆಟ್ಟಿದ್ದರೆ ಮಾತ್ರ ವಾಪಸ್ ಕಳಿಸುತ್ತೇವೆ. ಆ ವರ್ಷದ ಸ್ಟ್ರಿಂಗ್ ಫ್ರೀಜ್ ಬಂದಾಗ, ಅಂದರೆ ಇಂಗ್ಲಿಷ್ ಮಾತುಗಳನ್ನು ಇನ್ನು ಬದಲಿಸುವುದಿಲ್ಲ ಅಂತ ಬೀಗ ಹಾಕುವ ಹೊತ್ತಿಗೆ, ಮೆನುಗಳೆಲ್ಲ ಕನ್ನಡವಾಗಿದ್ದವು. ಯಾರೂ ಕಾಣದ ಮೂಲೆಯ ದೋಷಸಂದೇಶಗಳನ್ನು ಇಂಗ್ಲಿಷಿನಲ್ಲೇ ಬಿಟ್ಟೆವು.

ಹೋದ ತಿಂಗಳು ನಾನೂ ಒಂದು ಕಂತು ತೆಗೆದುಕೊಂಡಿದ್ದೆ. ಮುಟ್ಟಲು ಆಗಿರಲಿಲ್ಲ. ಹದಿನೈದನೇ ದಿನ ಬೆಳಿಗ್ಗೆ ಒಂದು ಮೆಸೇಜ್ ಬಂತು: ‘ಸರ್, ನಿಮ್ಮ 50 ನಾನು ತಗೊಂಡಿದೀನಿ.’