ಬಿದ್ದ ಬುಲೆಟ್ಟನ್ನು ಒಬ್ಬರೇ ಎತ್ತಿ ನಿಲ್ಲಿಸುವ ಬಗೆ

ನಾನು ಕಂಡ ಮಟ್ಟಿಗೆ ಭಾರದ ಬೈಕುಗಳು ಓಡುವಾಗ ಬೀಳುವುದಕ್ಕಿಂತ ನಿಂತಲ್ಲಿ, ಇಲ್ಲವೇ ನಿಲ್ಲಿಸುವ ಹೊತ್ತಿನಲ್ಲಿ ಬೀಳುವುದೇ ಹೆಚ್ಚು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಮುಖ್ಯರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ದಾರಿಗಳನ್ನು ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುರಕಲ್ಲನ್ನು (ನಮ್ಮ ಕಡೆಯ ಕೆಂಪುಕಲ್ಲು) ಕಡಿದು ಮಾಡಿದ ಇಳಿಜಾರು, ಆಟಿ ತಿಂಗಳ ಮಳೆಗೆ ಅದರ ಮೇಲೆ ಕಟ್ಟಿದ ಪಾಚಿ, ಅದರ ಕೊನೆಯಲ್ಲಿ ಒಂದು ಗೇಟು. ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕನ್ನು ಒತ್ತಿದಿರಾದರೆ, ಅಥವಾ ಊರಿದ ಕಾಲಿನ ಕೆಳಗೆ ಇದೆಯೆಂದುಕೊಂಡ ನೆಲ ನಾಲ್ಕು ಬೆರಳು ತಗ್ಗಿನಲ್ಲಿದ್ದರೆ, ಬೈಕು ಮಲಗಿತೆಂದೇ ತಿಳಿಯಬೇಕು. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮೆತ್ತಗಿನ ಮಣ್ಣಿನೊಳಗೆ ಇಳಿದು, ನಾವು ಒಳಗೆ ಕಾಫಿ ಕುಡಿಯುತ್ತಿರುವಾಗಲೇ ಬೈಕು ಬೀಳುವುದೂ ಉಂಟು.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕಿಲೋ. ನನ್ನದು ಮೊದಲ ಸಲ ಮನೆಯ ದಾರಿಯಲ್ಲೇ ಬಿದ್ದಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ: ಸೊಂಟ ಬಗ್ಗಿಸಿ ಹ್ಯಾಂಡಲಿನ ಎರಡೂ ಹಿಡಿಗಳನ್ನು ಹಿಡಿದು ಎಳೆದೆ. ಬೈಕು ಒಂದು ಮೊಳ ಮೇಲೆ ಬಂದು ಪುನಃ ಬಿತ್ತು, ಸೊಂಟ ಮಾತ್ರ ಒಂದು ವಾರ ಹಿಡಿದುಕೊಂಡಿತು. ಆ ದಿನ ತೋಟಕ್ಕೆ ಮದ್ದು ಬಿಡಲು ಬಂದಿದ್ದ, ನನ್ನ ಅರ್ಧದಷ್ಟೂ ಮೈಯಿಲ್ಲದ ಒಬ್ಬರು ಬೈಕಿಗೆ ಬೆನ್ನು ಕೊಟ್ಟು ಕುಳಿತು, ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಟ್ಟು ಅದನ್ನು ನಿಲ್ಲಿಸಿಬಿಟ್ಟರು. "ಸೊಂಟದಲ್ಲಿ ಎತ್ತಬೇಡಿ ಅಣ್ಣ, ಕಾಲಿನಲ್ಲಿ ದೂಡಿ" ಎಂದಷ್ಟೇ ಹೇಳಿದರು. ಮುಂದೆ ಬರೆಯುತ್ತಿರುವುದೆಲ್ಲವೂ ಆ ಮಾತಿನ ವಿಸ್ತಾರವೇ.

ಬೈಕು ವಾಲತೊಡಗಿದಾಗ ಅದನ್ನು ಎಲ್ಲಿಯವರೆಗೆ ತಡೆಯಬಹುದು ಎಂಬುದಕ್ಕೆ ಒಂದು ಮಿತಿಯಿದೆ. ಸ್ವಲ್ಪವೇ ಓರೆಯಾದಾಗ ತೊಡೆಯಿಂದ ತಡೆದು ನಿಲ್ಲಿಸಬಹುದು. ಆ ಹಂತ ದಾಟಿದ ಮೇಲೂ ಹಿಡಿದುಕೊಂಡೇ ಇದ್ದರೆ ಬೈಕು ನಿಲ್ಲುವುದಿಲ್ಲ, ನಮ್ಮ ಮೊಣಕಾಲು ಅಥವಾ ಭುಜ ಉಳುಕುತ್ತದೆ. ಆಗ ಕಾಲನ್ನು ಹೊರಗೆ ತೆಗೆದುಕೊಂಡು ಬೈಕನ್ನು ಬೀಳಲು ಬಿಡಬೇಕು. ಎಂಜಿನ್ನಿನ ಎರಡೂ ಬದಿಗೆ ಚಾಚಿರುವ ಕಬ್ಬಿಣದ ಕಂಬಿ, ಅಂದರೆ ಕ್ರ್ಯಾಶ್ ಗಾರ್ಡ್, ಇರುವುದು ಅದಕ್ಕಾಗಿಯೇ. ಅದು ಎಂಜಿನ್ನನ್ನು ಕಾಯುವುದಲ್ಲದೆ, ಬೈಕು ಪೂರ್ತಿ ನೆಲಕ್ಕೆ ಅಂಟದಂತೆ ಎತ್ತಿ ಹಿಡಿದು ಮುಂದಿನ ಕೆಲಸವನ್ನೂ ಹಗುರ ಮಾಡುತ್ತದೆ.

ಬಿದ್ದ ಕೂಡಲೇ ಬೈಕನ್ನು ಎತ್ತಲು ಹೋಗಬಾರದು. ಯಾರಾದರೂ ನೋಡಿದರೋ ಎಂಬ ನಾಚಿಕೆಯಲ್ಲಿ ಮಾಡುವ ಈ ಅವಸರವೇ ಸೊಂಟ ಹಿಡಿಯುವುದಕ್ಕೆ ಕಾರಣ. ಮೊದಲು ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿ, ಚಾವಿಯನ್ನು ತಿರುಗಿಸಿ ಆಫ್ ಮಾಡಬೇಕು. ಕಾರ್ಬ್ಯುರೇಟರಿನ ಹಳೆಯ ಬೈಕಾದರೆ ಪೆಟ್ರೋಲ್ ಕಾಕನ್ನೂ ಮುಚ್ಚಬೇಕು. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಸೋರುತ್ತಿದ್ದರೆ ಹತ್ತಿರದಲ್ಲಿ ಬೀಡಿ, ಸಿಗರೇಟು ಇರುವವರನ್ನು ದೂರ ಕಳುಹಿಸಬೇಕು. ಚೆರ್ಕಳ–ಜಾಲ್ಸೂರು ರಸ್ತೆಯಂತಹ ತಿರುವಿನ ದಾರಿಯಲ್ಲಿ ಬಿದ್ದಿದ್ದರೆ ತಿರುವಿಗೆ ಮೊದಲೇ ಯಾರನ್ನಾದರೂ ನಿಲ್ಲಿಸಿ, ಇಲ್ಲದಿದ್ದರೆ ಒಂದು ಹಸಿರು ಸೊಪ್ಪಿನ ಗೆಲ್ಲನ್ನಾದರೂ ಇಟ್ಟು ಬರುವ ವಾಹನಗಳಿಗೆ ಸೂಚನೆ ಕೊಡಬೇಕು. ಇಷ್ಟಾದ ಮೇಲೆ ನಿಮ್ಮ ಕೈಕಾಲುಗಳನ್ನು ನೋಡಿಕೊಳ್ಳಿ. ಪೆಟ್ಟು ಬಿದ್ದದ್ದು ಬಿಸಿಯಲ್ಲಿ ಗೊತ್ತಾಗುವುದಿಲ್ಲ. ಮಣಿಗಂಟು ನೋಯುತ್ತಿದ್ದರೆ ಒಬ್ಬರೇ ಎತ್ತುವ ಯೋಚನೆಯನ್ನು ಬಿಟ್ಟು ಜನ ಬರುವವರೆಗೆ ಕಾಯಿರಿ.

ಈಗ ಬೈಕು ಯಾವ ಬದಿಗೆ ಬಿದ್ದಿದೆಯೆಂದು ನೋಡಬೇಕು, ಏಕೆಂದರೆ ಎರಡು ಬದಿಗಳಿಗೂ ಸಿದ್ಧತೆ ಬೇರೆ. ಬಲಕ್ಕೆ ಬಿದ್ದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಸೈಡ್ ಸ್ಟ್ಯಾಂಡ್ ಎಡಬದಿಯಲ್ಲಿ, ಅಂದರೆ ಈಗ ಮೇಲೆ ಇರುವುದರಿಂದ, ಅದನ್ನು ಮೊದಲೇ ಹೊರಗೆ ಎಳೆದಿಡಬಹುದು. ಎತ್ತುವ ರಭಸಕ್ಕೆ ಬೈಕು ಆಚೆಗೆ ವಾಲಿದರೂ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಗೇರ್ ಲಿವರೂ ಮೇಲೆಯೇ ಇರುವುದರಿಂದ ಹಿಂದಿನ ಚಕ್ರವನ್ನು ಸ್ವಲ್ಪ ಅಲುಗಿಸುತ್ತ ಕೈಯಿಂದಲೇ ಒಂದನೇ ಗೇರಿಗೆ ಹಾಕಬಹುದು. ಆದರೆ ಕ್ಲಾಸಿಕ್‌ನಂತಹ ಬೈಕುಗಳಲ್ಲಿ ಸೈಲೆನ್ಸರ್ ಇರುವುದೂ ಬಲಬದಿಯಲ್ಲೇ, ನೀವು ಕಾಲಿಡುವ ಜಾಗದ ಪಕ್ಕದಲ್ಲಿ. ಮುಂಡನ್ನು ಎತ್ತಿ ಕಟ್ಟಿ ಬೈಕು ಓಡಿಸುವ ನಮ್ಮೂರಿನವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ಮೀನಖಂಡಕ್ಕೆ ತಾಗಿದ ಬಿಸಿ ಸೈಲೆನ್ಸರಿನ ಕಲೆ ಬೇಗ ಮಾಸುವುದಿಲ್ಲ.

ಎಡಕ್ಕೆ ಬಿದ್ದಿದ್ದರೆ ಸ್ಟ್ಯಾಂಡೂ ಗೇರೂ ಅಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಆಗ ಮೇಲಿರುವ ಬಲಗೈಯ ಬ್ರೇಕ್ ಲಿವರನ್ನು ಹಿಡಿಗೆ ಸೇರಿಸಿ ಬಿಗಿಯಾಗಿ ಕಟ್ಟಬೇಕು. ಹಳೆಯ ಟ್ಯೂಬಿನಿಂದ ಕತ್ತರಿಸಿದ ಒಂದು ಪಟ್ಟಿ ಸಾಕು, ಅದನ್ನು ನಾನು ಯಾವಾಗಲೂ ಸೀಟಿನ ಕೆಳಗೆ ಇಟ್ಟುಕೊಂಡಿರುತ್ತೇನೆ. ಗೇರಿನಲ್ಲಿ ಇರುವಾಗಲೇ ಬಿದ್ದು ಎಂಜಿನ್ ನಿಂತಿದ್ದರೆ ಇನ್ನೂ ಒಳ್ಳೆಯದು, ಬೈಕು ಅತ್ತಿತ್ತ ಉರುಳುವುದಿಲ್ಲ. ಆದರೆ ಈ ಬದಿಯಿಂದ ಎತ್ತುವಾಗ ನಿಮ್ಮ ಕೈಗೆ ಸಿಗುವ ಹಿಡಿ ಕ್ಲಚ್ಚಿನದು. ಹಿಡಿಯೊಂದಿಗೆ ಕ್ಲಚ್ಚನ್ನೂ ಅಮುಕಿದರೆ ಗೇರಿದ್ದೂ ಇಲ್ಲದಂತೆಯೇ ಆಗುತ್ತದೆ; ಆದುದರಿಂದ ಬೆರಳುಗಳನ್ನು ಲಿವರಿನ ಒಳಗಿನಿಂದ ತೂರಿಸಿ ಹಿಡಿಯನ್ನು ಮಾತ್ರ ಹಿಡಿಯಬೇಕು. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಕ್ಕೂ ಬ್ರೇಕ್ ಪೆಡಲ್ ಎಡಕ್ಕೂ ಇರುವುದರಿಂದ, ಅಂಥದ್ದನ್ನು ಇಟ್ಟುಕೊಂಡವರು ಗೇರಿನ ಬಗ್ಗೆ ಹೇಳಿದ್ದನ್ನು ಬದಿ ಬದಲಿಸಿ ಓದಿಕೊಳ್ಳಬೇಕು.

ಮೂರನೆಯದು ನೆಲ. ನಿಮ್ಮ ಕಾಲು ಜಾರಿದರೆ ಉಳಿದದ್ದೆಲ್ಲವೂ ವ್ಯರ್ಥ. ಕಾಲೂರುವ ಜಾಗದ ತರಗೆಲೆಗಳನ್ನು ಗುಡಿಸಿ, ಪಾಚಿಯಿದ್ದರೆ ಕಲ್ಲಿನ ಚೂರಿನಿಂದ ಕೆರೆದು, ಒಂದು ಗೋಣಿಚೀಲವನ್ನು ಹಾಸಿಕೊಳ್ಳಬೇಕು. ತೋಟದ ಬದಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಅಡಿಕೆ ಹಾಳೆಯನ್ನು ಹಾಸಲು ಹೋಗಬಾರದು; ಅದರ ಮೇಲೆ ಕುಳಿತು ಮಕ್ಕಳು ಇಳಿಜಾರಿನಲ್ಲಿ ಜಾರುವ ಆಟವನ್ನು ನೆನಪಿಸಿಕೊಂಡರೆ ಕಾರಣ ಹೊಳೆಯುತ್ತದೆ. ಚಕ್ರಗಳಿಗೆ ಮುರಕಲ್ಲಿನ ಒಂದೊಂದು ತುಂಡನ್ನು ಒತ್ತುಕೊಡಬೇಕು.

ಇಳಿಜಾರಿನಲ್ಲಿ ಬಿದ್ದ ಬೈಕಿನ ಚಕ್ರಗಳು ಏರಿನ ಕಡೆಗೂ ಸೀಟು ತಗ್ಗಿನ ಕಡೆಗೂ ಇದ್ದರೆ, ಆ ಸ್ಥಿತಿಯಲ್ಲೇ ಎತ್ತಲು ನೋಡುವುದು ಮೂರ್ಖತನ. ಕ್ರ್ಯಾಶ್ ಗಾರ್ಡನ್ನೇ ಗೂಟವೆಂದು ಭಾವಿಸಿ, ಹಿಂದಿನ ಕ್ಯಾರಿಯರನ್ನು ಹಿಡಿದು, ಬೈಕನ್ನು ನೆಲದ ಮೇಲೆಯೇ ಗಡಿಯಾರದ ಮುಳ್ಳಿನಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಚಕ್ರಗಳು ತಗ್ಗಿನ ಕಡೆಗೆ ಬರುವಂತೆ ಮಾಡಬೇಕು. ಬಣ್ಣ ಕೆರೆದುಹೋಗುತ್ತದೆ, ಹೋಗಲಿ. ಹಾಗೆ ತಿರುಗಿಸಿದ ಮೇಲೆ ಏರಿನ ಬದಿಯಲ್ಲಿ ನಿಂತು ಎತ್ತಿದರೆ ಇಳಿಜಾರೇ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಆದರೆ ನೆಟ್ಟಗಾದ ಬೈಕು ತಗ್ಗಿನ ಕಡೆಗೆ ಮಗುಚುವ ಭಯ ಆಗಲೇ ಹೆಚ್ಚು. ಕೊನೆಯ ಹಂತದಲ್ಲಿ ದೂಡುವುದನ್ನು ನಿಲ್ಲಿಸಿ, ಹಿಡಿದೆಳೆದುಕೊಳ್ಳಲು ಸಿದ್ಧರಾಗಿರಬೇಕು.

ಎತ್ತುವ ಕ್ರಮ ಹೀಗಿದೆ. ಹ್ಯಾಂಡಲನ್ನು ಬೈಕು ಬಿದ್ದ ಬದಿಗೇ ಪೂರ್ತಿಯಾಗಿ ತಿರುಗಿಸಿ; ಆಗ ಕೆಳಗಿನ ಹಿಡಿ ಟ್ಯಾಂಕಿನ ಹತ್ತಿರಕ್ಕೆ, ನಿಮ್ಮ ಕೈಗೆಟಕುವಂತೆ ಬರುತ್ತದೆ. ಬೈಕು ಬಿದ್ದ ಬದಿಯಲ್ಲೇ ಅದಕ್ಕೆ ಬೆನ್ನು ಹಾಕಿ ನಿಂತು, ಕುಕ್ಕರಗಾಲಿನಲ್ಲಿ ಕುಳಿತು, ಪೃಷ್ಠವನ್ನು ಸೀಟಿನ ಅಂಚಿಗೆ ಒತ್ತಿ. ಒಂದು ಕೈಯಲ್ಲಿ ಆ ಕೆಳಗಿನ ಹಿಡಿಯನ್ನೂ ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಗ್ರ್ಯಾಬ್ ರೈಲನ್ನೋ ಚಾಸಿಯ ಗಟ್ಟಿ ಕಬ್ಬಿಣವನ್ನೋ ಹಿಡಿಯಬೇಕು. ಇಂಡಿಕೇಟರ್, ಪ್ಲಾಸ್ಟಿಕ್ ಪ್ಯಾನೆಲ್, ಮಡ್‌ಗಾರ್ಡಿನ ತುದಿ ಇವುಗಳಿಗೆ ಆ ಭಾರವನ್ನು ತಾಳುವ ಶಕ್ತಿಯಿಲ್ಲ. ತೋಳುಗಳು ನೇರವಾಗಿರಲಿ, ಬೆನ್ನು ನೆಟ್ಟಗಿರಲಿ, ದೃಷ್ಟಿ ಎದುರಿನ ಮರದ ಮೇಲಿರಲಿ. ಕೆಳಗೆ ನೋಡಿದ ಕೂಡಲೇ ಬೆನ್ನು ಬಿಲ್ಲಾಗುತ್ತದೆ. ಹಿಮ್ಮಡಿಗಳನ್ನು ಊರಿ, ತೊಡೆಯ ಬಲದಿಂದ ಹಿಂದಕ್ಕೂ ಮೇಲಕ್ಕೂ ಒಟ್ಟಿಗೆ ದೂಡುತ್ತ, ಗೇಣುದ್ದದ ಹೆಜ್ಜೆಗಳನ್ನು ಹಿಂದಕ್ಕೆ ಇಡಿ. ಕೈಗಳ ಕೆಲಸ ಎತ್ತುವುದಲ್ಲ, ಬೈಕನ್ನು ಬೆನ್ನಿಗೆ ಅಂಟಿಸಿಕೊಂಡಿರುವುದು. ಮೊದಲ ಒಂದು ಮೊಳವೇ ಕಷ್ಟ. ಬೈಕು ನೆಟ್ಟಗಾಗುತ್ತ ಬಂದಂತೆ ಅದರ ಭಾರ ಚಕ್ರಗಳ ಮೇಲೆಯೇ ಇಳಿದು, ಕೊನೆಯಲ್ಲಿ ಬೆರಳಿನಿಂದ ಹಿಡಿಯುವಷ್ಟು ಹಗುರವಾಗುತ್ತದೆ. ಅಲ್ಲಿಯೇ ಅನೇಕರು ಎಡವುವುದು: ಮೊದಲಿನ ರಭಸದಲ್ಲೇ ದೂಡಿ ಬೈಕನ್ನು ಆಚೆ ಬದಿಗೆ ಮಗುಚಿ ಹಾಕುತ್ತಾರೆ. ಎಡಬದಿಯಿಂದ ಎತ್ತಿದವರು ಸೊಂಟವನ್ನು ಸೀಟಿಗೆ ಒರಗಿಸಿಯೇ ಇಟ್ಟುಕೊಂಡು, ಹಿಮ್ಮಡಿಯಿಂದ ತಡಕಿ ಸ್ಟ್ಯಾಂಡನ್ನು ಹೊರಗೆ ತಳ್ಳಿ, ಅದು ಪೂರ್ತಿ ಹೊರಗೆ ಬಂದಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಬೈಕನ್ನು ಅದರ ಮೇಲೆ ಬಿಡಬೇಕು.

ಎರಡು ಸಲ ಪ್ರಯತ್ನಿಸಿಯೂ ಏಳದಿದ್ದರೆ ಮೂರನೆಯ ಸಲ ಬೇಡ. ನಮ್ಮ ಕಡೆ ಯಾರಾದರೂ ಬಂದೇ ಬರುತ್ತಾರೆ. ಬಂದವರಲ್ಲಿ ಒಬ್ಬರನ್ನು ಹಿಂದಿನ ಗ್ರ್ಯಾಬ್ ರೈಲಿಗೆ ನಿಲ್ಲಿಸಿ, ನೀವು ಹ್ಯಾಂಡಲಿನ ಬಳಿ ಇರಿ; ಮೂರನೆಯವರಿದ್ದರೆ ಆಚೆ ಬದಿಯಲ್ಲಿ ನಿಂತು ಬೈಕು ಮಗುಚದಂತೆ ತಡೆಯಲಿ. ಲೆಕ್ಕ ಯಾವ ಭಾಷೆಯಲ್ಲೆಂದು ಮೊದಲೇ ಮಾತಾಡಿಕೊಳ್ಳುವುದು ಲೇಸು. ಒಮ್ಮೆ ಕುಂಬಳೆಯಲ್ಲಿ ನಾನು "ಒಂದು, ಎರಡು" ಎನ್ನುತ್ತಿರುವಾಗಲೇ ಹಿಂದೆ ಇದ್ದವರು ತುಳುವಿನಲ್ಲಿ "ಒಂಜಿ, ರಡ್ಡ್" ಎಂದು ತಮ್ಮದೇ ವೇಗದಲ್ಲಿ ಎಣಿಸಿ ಮುಗಿಸಿ ಎತ್ತಿಬಿಟ್ಟರು. ಹಿಂದಿನ ಚಕ್ರ ಮೇಲೆ, ಮುಂದಿನದು ಚರಂಡಿಯಲ್ಲಿ.

ನಿಂತ ಬೈಕನ್ನು ಕೂಡಲೇ ಸ್ಟಾರ್ಟ್ ಮಾಡಬಾರದು. ಮಲಗಿದ್ದಾಗ ಎಂಜಿನ್ ಆಯಿಲ್ ಹೋಗಬಾರದ ಕಡೆಗೆ ಹರಿದಿರಬಹುದು, ಕಾರ್ಬ್ಯುರೇಟರ್ ಇದ್ದರೆ ಪೆಟ್ರೋಲ್ ತುಂಬಿರಬಹುದು. ಐದು ಹತ್ತು ನಿಮಿಷ ಬಿಟ್ಟರೆ ಎಲ್ಲವೂ ತನ್ನ ಜಾಗಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಆಕ್ಸಿಲೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ, ಎರಡೂ ಬ್ರೇಕುಗಳು ಹಿಡಿಯುತ್ತವೆಯೇ, ಗೇರ್ ಲಿವರ್ ಅಥವಾ ಬ್ರೇಕ್ ಪೆಡಲ್ ಒಳಕ್ಕೆ ಬಗ್ಗಿದೆಯೇ, ಹ್ಯಾಂಡಲ್ ಎರಡೂ ಬದಿಗೆ ತಡೆಯಿಲ್ಲದೆ ತಿರುಗುತ್ತದೆಯೇ, ನೆಲದ ಮೇಲೆ ಆಯಿಲ್ ಹನಿಗಳಿವೆಯೇ ಎಂದು ನೋಡಬೇಕು. ಕಾರ್ಬ್ಯುರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಇರುವ ಕೆಲವು ಬೈಕುಗಳಲ್ಲಿ ಬಿದ್ದುದನ್ನು ತಿಳಿಯುವ ಸೆನ್ಸರ್ ಎಂಜಿನ್ನನ್ನು ನಿಲ್ಲಿಸಿರುತ್ತದೆ. ಚಾವಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡದೆ ಸೆಲ್ಫ್ ಎಷ್ಟು ಒತ್ತಿದರೂ ಫಲವಿಲ್ಲ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಹೊಗೆ ಬಂದರೆ ಗಾಬರಿ ಬೇಡ. ನಿಲ್ಲದೆ ಬರುತ್ತಿದ್ದರೆ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಬೀಳುವಾಗ ಮೊದಲು ಮುರಿಯುವುದು ಕ್ಲಚ್ ಅಥವಾ ಬ್ರೇಕಿನ ಲಿವರ್. ಅವುಗಳನ್ನು ಹ್ಯಾಂಡಲಿಗೆ ಕಚ್ಚಿಸಿರುವ ಕ್ಲ್ಯಾಂಪನ್ನು, ಓಡಿಸುವಾಗ ಅಲುಗದಂತೆ ಆದರೆ ಕೈಯಿಂದ ಬಲವಾಗಿ ತಿರುಚಿದರೆ ತಿರುಗುವಂತೆ, ಅಷ್ಟೇ ಬಿಗಿಯಾಗಿ ಇಟ್ಟುಕೊಂಡರೆ ಪೆಟ್ಟಿಗೆ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುವ ಸಾಧ್ಯತೆ ಹೆಚ್ಚು. ಜೊತೆಗೆ ಒಂದು ಕ್ಲಚ್ ಲಿವರನ್ನು ಆ ಟ್ಯೂಬಿನ ಪಟ್ಟಿಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿರಿ.