ಕತ್ತಲಲ್ಲಿ ಕಳೆದುಹೋದ ಕಾಳಗವನ್ನು ಕಾಣಬೇಕಾದರೆ

ಟೀವಿ ಸರಣಿ 'ಗೇಮ್ ಆಫ್ ಥ್ರೋನ್ಸ್'ನ ರಾತ್ರಿ ಕಾಳಗದ ಕಂತು 'ದಿ ಲಾಂಗ್ ನೈಟ್' 2019ರ ಏಪ್ರಿಲ್ 28ರಂದು ಬಂದಾಗ ನೋಡುಗರ ಗೊಣಗಾಟ ಒಂದೇ: ಏನೂ ಕಾಣಲಿಲ್ಲ. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಟೀವಿ ಸೆಟ್ಟಿಂಗ್, ಕಂಪ್ರೆಷನ್ (ಪ್ರಸಾರಕ್ಕಾಗಿ ವಿಡಿಯೊ ಕುಗ್ಗಿಸುವುದು) ಕಡೆ ಬೆರಳು ತೋರಿಸಿದರು. ಅದು ಅರ್ಧ ನಿಜ.

ಕಿಟಕಿಗೆ ಪರದೆ ಎಳೆದು ದೀಪ ಆರಿಸಿ. ಪಿಕ್ಚರ್ ಮೋಡ್ 'ಸಿನೆಮಾ'. ಎನರ್ಜಿ ಸೇವಿಂಗ್ ಆಫ್. ಗಾಮಾ (ನಡುಛಾಯೆಗಳು ಎಷ್ಟು ಕಪ್ಪಾಗಿ ಕಾಣಬೇಕೆಂಬ ಸೆಟ್ಟಿಂಗ್) 2.4 ಇದ್ದರೆ 2.2ಕ್ಕೆ ಇಳಿಸಿ, ನೆರಳಲ್ಲಿನ ಮುಖಗಳು ಬಿಡಿಸಿ ಕಾಣುತ್ತವೆ. ಆದರೂ ಕಪ್ಪೆಲ್ಲ ಮಸಿಯಂತೆ ಒಂದಾಗಿದ್ದರೆ ಎಚ್‌ಡಿಎಂಐ ರೇಂಜ್ (ಕೇಬಲ್‌ನಲ್ಲಿ ಬರುವ ಕಪ್ಪು-ಬಿಳುಪಿನ ಮಟ್ಟಗಳ ವ್ಯಾಪ್ತಿ) ನೋಡಿ: ಪ್ಲೇಯರ್ 'ಫುಲ್', ಟೀವಿ 'ಲಿಮಿಟೆಡ್' ಆಗಿದ್ದರೆ ನೆರಳಿನ ವಿವರ ನುಂಗಿಹೋಗುತ್ತದೆ. ಎರಡೂ ಒಂದೇ ಇರಲಿ.

ಪರೀಕ್ಷೆಗೆ, ಕುದುರೆ ಸವಾರ ಯೋಧರಾದ ದೊತ್ರಾಕಿಗಳ ಉರಿವ ಕತ್ತಿಗಳು ದೂರದಲ್ಲಿ ಒಂದೊಂದೇ ಆರುವ ದೃಶ್ಯ ಹಾಕಿ. ಸುತ್ತಲ ಕತ್ತಲು ಚೌಕ ಚೌಕವಾಗಿ ಒಡೆದರೆ ಅದು ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಬರುವ ವಿಡಿಯೊ ಡೇಟಾ) ಕೊರತೆ. ಯಾವ ಸೆಟ್ಟಿಂಗೂ ಸರಿಮಾಡದು, 4ಕೆ ಬ್ಲೂ-ರೇ ಡಿಸ್ಕೇ ಬೇಕು.